ಮನೆಯ ಕಂಪ್ಯೂಟರಿನಲ್ಲಿ ವಿಜ್ಞಾನದ ಲೆಕ್ಕ: ಬೋಯಿಂಕ್ ಹಾಕುವುದರಿಂದ ಮೊದಲ ವಾರದವರೆಗೆ

2010ರಲ್ಲಿ ಜೆ2007+2722 ಎಂಬ ಪಲ್ಸಾರ್, ಅಂದರೆ ತಿರುಗುತ್ತಾ ಮಿಡಿಯುವ ನಕ್ಷತ್ರ, ಪತ್ತೆಯಾಯಿತು. ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕ ದಾಖಲಿಸಿದ್ದ ದತ್ತಾಂಶದಲ್ಲಿ ಅದರ ಮಿಡಿತ ಅಡಗಿತ್ತು. ಹುಡುಕಿ ತೆಗೆದದ್ದು ಯಾವ ಸೂಪರ್ ಕಂಪ್ಯೂಟರೂ ಅಲ್ಲ. ಅಮೆರಿಕದ ಅಯೋವಾದ ಒಂದು ಮನೆಯ ಯಂತ್ರ, ಜರ್ಮನಿಯ ಮೈನ್ಸ್ ನಗರದ ಇನ್ನೊಂದು ಯಂತ್ರ. ಎರಡೂ ಐನ್‌ಸ್ಟೈನ್ ಅಟ್ ಹೋಮ್ ಎಂಬ ಯೋಜನೆಗೆ ಬೋಯಿಂಕ್ ಎಂಬ ತಂತ್ರಾಂಶದ ಮೂಲಕ ತಮ್ಮ ಬಿಡುವಿನ ಹೊತ್ತನ್ನು ಕೊಡುತ್ತಿದ್ದವು.

ಎರಡು ಯಂತ್ರ ಏಕೆ ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಎಲ್ಲೋ ಇರುವ, ಯಾರದೋ ಯಂತ್ರದಿಂದ ಬಂದ ಉತ್ತರವನ್ನು ವಿಜ್ಞಾನಿಗಳು ಕಣ್ಣುಮುಚ್ಚಿ ನಂಬುವಂತಿಲ್ಲ. ಆದ್ದರಿಂದ ಅನೇಕ ಯೋಜನೆಗಳು ಲೆಕ್ಕದ ಒಂದೇ ತುಂಡನ್ನು ಇಬ್ಬರಿಗೆ ಕಳಿಸುತ್ತವೆ. ಎರಡೂ ಉತ್ತರಗಳು ಹೊಂದಿದರೆ ಮಾತ್ರ ಆ ತುಂಡು ಸರಿ ಎಂದು ದಾಖಲಾಗುತ್ತದೆ. ಅಂದರೆ ನಿಮ್ಮ ಯಂತ್ರ ಒಂದು ತುಂಡನ್ನು ತಂದು ಮೂಲೆಗೆ ಹಾಕಿದರೆ ಇನ್ನೊಂದು ಮನೆಯವರು ಮುಗಿಸಿಟ್ಟ ಲೆಕ್ಕವೂ ಕಾಯುತ್ತಾ ಕೂರುತ್ತದೆ. ಹಾಗಾಗಿ ಇಲ್ಲಿ ಬೇಕಾದದ್ದು ವೇಗದ ಯಂತ್ರಕ್ಕಿಂತ ಹೆಚ್ಚಾಗಿ ನಂಬುಗೆಯ ಯಂತ್ರ: ತಂದಷ್ಟನ್ನು ತಪ್ಪಿಲ್ಲದೆ, ಗಡುವಿನೊಳಗೆ ಮುಗಿಸುವ ಯಂತ್ರ. ಕೆಳಗೆ ಹೇಳುವ ಸೆಟ್ಟಿಂಗುಗಳೆಲ್ಲ ಈ ಒಂದು ಗುರಿಗಾಗಿಯೇ.

ಬೋಯಿಂಕ್ ಎಂದರೇನು

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1999ರ ಮೇ ತಿಂಗಳಲ್ಲಿ ಸೆಟಿ ಅಟ್ ಹೋಮ್ ಯೋಜನೆಯನ್ನು ಶುರುಮಾಡಿತು. ರೇಡಿಯೊ ದೂರದರ್ಶಕದ ದತ್ತಾಂಶದಲ್ಲಿ ಅನ್ಯಲೋಕದ ಸಂಕೇತ ಹುಡುಕುವ ಈ ಕೆಲಸಕ್ಕೆ ಲಕ್ಷಾಂತರ ಜನ ಕೈಜೋಡಿಸಿದರು. ಪ್ರತಿ ಯೋಜನೆಯೂ ತನ್ನದೇ ತಂತ್ರಾಂಶ ಬರೆದುಕೊಳ್ಳುವ ಬದಲು ಎಲ್ಲಕ್ಕೂ ಒಂದೇ ವೇದಿಕೆ ಇರಲಿ ಎಂದು ಅಲ್ಲಿಯೇ ಡೇವಿಡ್ ಆಂಡರ್ಸನ್ ಮುಂದಾಳತ್ವದಲ್ಲಿ ಬೋಯಿಂಕ್ ಬೆಳೆಯಿತು. ಸೆಟಿ 2020ರ ಮಾರ್ಚ್ 31ರಂದು ಹೊಸ ಕೆಲಸ ಕಳಿಸುವುದನ್ನು ನಿಲ್ಲಿಸಿತು. ಬೋಯಿಂಕ್ ಮಾತ್ರ ಇಂದಿಗೂ ಹತ್ತಾರು ಯೋಜನೆಗಳ ಬೆನ್ನೆಲುಬು. ಇದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್ ನಾಲ್ಕರಲ್ಲೂ ಓಡುತ್ತದೆ.

ಇದಕ್ಕೂ ಕ್ರಿಪ್ಟೊ ನಾಣ್ಯದ ಮೈನಿಂಗಿಗೂ ಸಂಬಂಧವಿಲ್ಲ. ಮುಗಿಸಿದ ಕೆಲಸಕ್ಕೆ ಕ್ರೆಡಿಟ್ ಎಂಬ ಅಂಕಗಳು ಸಿಗುತ್ತವೆ. ಅವು ಎಷ್ಟು ಲೆಕ್ಕ ಮಾಡಿದಿರಿ ಎಂಬುದರ ಅಳತೆ, ಹಣವಲ್ಲ.

ಯಾವ ಯಂತ್ರ ಸಾಕು

ನಾಲ್ಕು ಕೋರ್‌ಗಳ 64 ಬಿಟ್ ಪ್ರೊಸೆಸರ್, 8 ಜಿಬಿ ರ‍್ಯಾಮ್, ಡಿಸ್ಕಿನಲ್ಲಿ 10ರಿಂದ 20 ಜಿಬಿ ಖಾಲಿ ಜಾಗ, ಕಡಿದು ಹೋಗದ ಸಾಧಾರಣ ಇಂಟರ್ನೆಟ್. ಇಷ್ಟಿದ್ದರೆ ಆರಂಭಕ್ಕೆ ಧಾರಾಳ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಒಳ್ಳೆಯದು, ಕಡ್ಡಾಯವಲ್ಲ.

ಲ್ಯಾಪ್‌ಟಾಪಿನ ವಿಷಯದಲ್ಲಿ ಎಚ್ಚರ ಬೇಕು. ಅದರ ಬಿಸಿ ಹೊರಹಾಕುವ ತೆಳುವಾದ ಹೀಟ್‌ಸಿಂಕ್, ಪುಟ್ಟ ಫ್ಯಾನ್ ದಿನವಿಡೀ ಪೂರ್ತಿ ಹೊರೆ ಹೊರಲೆಂದು ಮಾಡಿದವಲ್ಲ. ಒಂದೋ ಎರಡೋ ಕೋರ್ ಮಾತ್ರ ಕೊಟ್ಟು, ಚಾರ್ಜರ್ ಹಾಕಿದ್ದಾಗ ಮಾತ್ರ ಓಡಿಸುವುದಾದರೆ ಸರಿ. ಹಾಸಿಗೆ, ದಿಂಬಿನ ಮೇಲಿಟ್ಟು ಓಡಿಸಬಾರದು. ಗಾಳಿ ಎಳೆಯುವ ಕಿಂಡಿ ಅಡಿಯಲ್ಲೇ ಇರುತ್ತದೆ.

ಕಚೇರಿ, ಶಾಲೆ, ಕಾಲೇಜಿನ ಯಂತ್ರಗಳಲ್ಲಿ ಅಲ್ಲಿನವರ ಲಿಖಿತ ಅನುಮತಿ ಇಲ್ಲದೆ ಹಾಕಲೇಬೇಡಿ. ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ವಿದ್ಯುತ್ತು ಅವರದು, ಯಂತ್ರ ಅವರದು.

ಯೋಜನೆ ಆರಿಸುವುದು

ಮೊದಲಿಗೆ ಒಂದೇ ಒಂದು ಯೋಜನೆ ಸಾಕು. ಆರೇಳಕ್ಕೆ ಒಮ್ಮೆಲೇ ಸೇರಿದರೆ ತೊಂದರೆ ಬಂದಾಗ ಅದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ.

ಹೊಸಬರಿಗೆ ಐನ್‌ಸ್ಟೈನ್ ಅಟ್ ಹೋಮ್ ಎಲ್ಲಕ್ಕಿಂತ ಒಪ್ಪುವ ಆಯ್ಕೆ. 2005ರಿಂದ ನಡೆಯುತ್ತಿದೆ, ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಗುರುತ್ವ ಭೌತವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ವಿಸ್ಕಾನ್ಸಿನ್ ಮಿಲ್‌ವಾಕಿ ವಿಶ್ವವಿದ್ಯಾಲಯ ಇದರ ಹಿಂದಿವೆ. ತಿರುಗುವ ನ್ಯೂಟ್ರಾನ್ ನಕ್ಷತ್ರಗಳನ್ನು ರೇಡಿಯೊ, ಗಾಮಾ ಕಿರಣ, ಗುರುತ್ವ ಅಲೆ ಈ ಮೂರರ ದತ್ತಾಂಶದಲ್ಲೂ ಹುಡುಕುತ್ತಾರೆ. ಕೆಲಸಕ್ಕೆ ಬರ ಬರುವುದು ಕಡಿಮೆ, ಗಡುವು ಸಾಮಾನ್ಯವಾಗಿ ಎರಡು ವಾರ, ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಕೆಲಸವಿದೆ.

ಜೀವವಿಜ್ಞಾನದಲ್ಲಿ ಆಸಕ್ತಿಯಿದ್ದರೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊಸೆಟ್ಟಾ ಅಟ್ ಹೋಮ್ ಇದೆ. ಪ್ರೋಟೀನ್ ವಿನ್ಯಾಸಕ್ಕಾಗಿ 2024ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಡೇವಿಡ್ ಬೇಕರ್ ಅವರ ಪ್ರಯೋಗಾಲಯದ್ದು. ಒಂದೊಂದು ಟಾಸ್ಕ್, ಅಂದರೆ ಲೆಕ್ಕದ ತುಂಡು, 1 ಜಿಬಿಗೂ ಹೆಚ್ಚು ರ‍್ಯಾಮ್ ಕೇಳಬಹುದು. ಗಡುವು ಕೆಲವೇ ದಿನ. ಹಾಗಾಗಿ ಸಂಜೆ ಎರಡು ಗಂಟೆ ಮಾತ್ರ ತೆರೆಯುವ ಯಂತ್ರಕ್ಕೆ ಇದು ಹೊಂದುವುದಿಲ್ಲ. ಐಬಿಎಂ 2004ರಲ್ಲಿ ಆರಂಭಿಸಿದ ವರ್ಲ್ಡ್ ಕಮ್ಯುನಿಟಿ ಗ್ರಿಡ್ ಈಗ ಟೊರಾಂಟೊದ ಕ್ರೆಂಬಿಲ್ ಸಂಶೋಧನಾ ಸಂಸ್ಥೆಯ ಕೈಯಲ್ಲಿದೆ. ಕ್ಯಾನ್ಸರ್ ಸಂಶೋಧನೆಯ ಲೆಕ್ಕಗಳಿಗೆ ಹೆಸರಾದದ್ದು. ಆಕ್ಸ್‌ಫರ್ಡ್‌ನ ಕ್ಲೈಮೇಟ್ ಪ್ರಿಡಿಕ್ಷನ್ ಹವಾಮಾನ ಮಾದರಿಗಳನ್ನು ಓಡಿಸುತ್ತದೆ. ಅದರ ಟಾಸ್ಕ್‌ಗಳು ಉದ್ದ, ರ‍್ಯಾಮ್ ಮತ್ತು ಡಿಸ್ಕ್ ಹೆಚ್ಚು ಬೇಡುತ್ತವೆ, ಹಠಾತ್ತನೆ ಯಂತ್ರ ಆರಿಸಿದರೆ ಕೆಡುವುದೂ ಉಂಟು. ಮೊದಲ ತಿಂಗಳು ಅದರತ್ತ ಹೋಗಬೇಡಿ. ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸೆರ್ನ್‌ನ ಎಲ್‌ಎಚ್‌ಸಿ ಅಟ್ ಹೋಮ್‌ನ ಹಲವು ಕೆಲಸಗಳಿಗೆ ವರ್ಚುವಲ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶವೂ ಬೇಕು. ಅದನ್ನೂ ಮುಂದಕ್ಕೆ ಇಟ್ಟುಕೊಳ್ಳಿ. ಪ್ರೈಮ್‌ಗ್ರಿಡ್ ಅವಿಭಾಜ್ಯ ಸಂಖ್ಯೆಗಳ ಬೇಟೆ. ಪ್ರೊಸೆಸರಿನ ಒಮ್ಮೆಗೇ ಹಲವು ಸಂಖ್ಯೆಗಳನ್ನು ಲೆಕ್ಕಿಸುವ ವೆಕ್ಟರ್ ಸೂಚನೆಗಳನ್ನು ಪೂರ್ತಿ ಬಳಸುವುದರಿಂದ ಬೇರೆ ಯೋಜನೆಗಳಲ್ಲಿ ತಣ್ಣಗಿದ್ದ ಯಂತ್ರವೂ ಇಲ್ಲಿ ಕಾದುಬಿಡುತ್ತದೆ.

ಹಾಕುವ ಕ್ರಮ

ತಂತ್ರಾಂಶವನ್ನು ಬರ್ಕ್ಲಿಯ ಅಧಿಕೃತ ಬೋಯಿಂಕ್ ತಾಣದಿಂದಲೇ ಇಳಿಸಿಕೊಳ್ಳಿ. ಲಿನಕ್ಸ್ ಆದರೆ ನಿಮ್ಮ ವಿತರಣೆಯ ಪ್ಯಾಕೇಜ್ ಭಂಡಾರದಿಂದ ಬೋಯಿಂಕ್ ಕ್ಲೈಂಟ್ ಮತ್ತು ಬೋಯಿಂಕ್ ಮ್ಯಾನೇಜರ್ ಎರಡನ್ನೂ ಹಾಕಿ. ಯೋಜನೆ ಸೇರುವುದೆಂದರೆ ಅವರ ಪ್ರೋಗ್ರಾಮ್ ನಿಮ್ಮ ಯಂತ್ರದಲ್ಲಿ ಓಡಲು ಬಿಟ್ಟಂತೆ. ಆದ್ದರಿಂದ ಬೋಯಿಂಕ್ ಮ್ಯಾನೇಜರಿನ ಪಟ್ಟಿಯಲ್ಲಿ ಇರುವ ಯೋಜನೆಗಳಿಗೆ ಮಾತ್ರ ಸೇರುವುದು ಲೇಸು. ಎಲ್ಲೋ ಸಿಕ್ಕ ವಿಳಾಸವನ್ನು ಅಂಟಿಸಿ ಸೇರಬೇಡಿ.

1. ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ಓಡಿಸುವಾಗ ಅಡ್ವಾನ್ಸ್ಡ್ ಎಂಬ ಗುಂಡಿ ಒತ್ತಿ ನೋಡಿ. ಅಲ್ಲಿ ಸರ್ವಿಸ್ ಇನ್‌ಸ್ಟಾಲ್ ಎಂಬ ಆಯ್ಕೆ ಇದ್ದರೆ ಗುರುತು ಹಾಕಬೇಡಿ. ಸರ್ವಿಸ್ ಆಗಿ ಓಡುವ ಬೋಯಿಂಕಿಗೆ ವಿಂಡೋಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಕಾಣಿಸುವುದಿಲ್ಲ. ದತ್ತಾಂಶದ ಫೋಲ್ಡರ್ ಎಲ್ಲಿರಬೇಕೆಂದೂ ಅಲ್ಲೇ ಕೇಳುತ್ತದೆ. ಸಿ ಡ್ರೈವಿನಲ್ಲಿ ಜಾಗ ಇಕ್ಕಟ್ಟಾಗಿದ್ದರೆ ಈಗಲೇ ಬದಲಿಸಿ.

2. ಮೊದಲ ಸಲ ತೆರೆದಾಗ ಯೋಜನೆಗಳ ಪಟ್ಟಿ ಬರುತ್ತದೆ. ಒಂದನ್ನು ಆರಿಸಿ, ಇಮೇಲ್ ಮತ್ತು ಪಾಸ್‌ವರ್ಡ್ ಕೊಟ್ಟು ಖಾತೆ ತೆರೆಯಿರಿ. ಹೆಸರಿನ ಜಾಗದಲ್ಲಿ ನಿಜ ಹೆಸರೇ ಇರಬೇಕೆಂದಿಲ್ಲ. ಅಲ್ಲಿ ಬರೆದದ್ದು ಎಲ್ಲರಿಗೂ ಕಾಣುತ್ತದೆ. ಮುಂದೆ ಬೇರೆ ಯೋಜನೆ ಸೇರುವಾಗಲೂ ಇದೇ ಇಮೇಲ್ ಬಳಸಿ. ಎಲ್ಲ ಯೋಜನೆಗಳ ನಿಮ್ಮ ಕ್ರೆಡಿಟ್ ಒಂದೇ ಲೆಕ್ಕಕ್ಕೆ ಕೂಡುವುದು ಅದರ ಆಧಾರದ ಮೇಲೆಯೇ.

3. ವ್ಯೂ ಮೆನುವಿನಲ್ಲಿ ಅಡ್ವಾನ್ಸ್ಡ್ ವ್ಯೂಗೆ ಬದಲಾಯಿಸಿ. ಸಿಂಪಲ್ ವ್ಯೂ ನೋಡಲು ಚೆಂದ, ಆದರೆ ಏನು ನಡೆಯುತ್ತಿದೆ ಎಂಬುದನ್ನು ಅದು ಬಿಟ್ಟುಕೊಡುವುದಿಲ್ಲ.

4. ಕೆಲಸ ಇಳಿಯಲು ಶುರುವಾದ ಕೂಡಲೇ ಪ್ರಾಜೆಕ್ಟ್ಸ್ ಪುಟದಲ್ಲಿ ನೋ ನ್ಯೂ ಟಾಸ್ಕ್ಸ್ ಒತ್ತಿ ತಾತ್ಕಾಲಿಕವಾಗಿ ತಡೆಯಿರಿ. ಸೆಟ್ಟಿಂಗ್ ಹೊಂದಿಸಿದ ಮೇಲೆ ಅಲೌ ನ್ಯೂ ಟಾಸ್ಕ್ಸ್ ಒತ್ತಿದರಾಯಿತು. ಈ ಒಂದು ಹೆಜ್ಜೆ ಬಿಟ್ಟವರಿಗೇ ಮೊದಲ ದಿನ ಫ್ಯಾನ್ ಕಿರುಚುವ ಅನುಭವ ಆಗುವುದು.

ಸೆಟ್ಟಿಂಗುಗಳು

ಆಪ್ಷನ್ಸ್ ಮೆನುವಿನಲ್ಲಿ ಕಂಪ್ಯೂಟಿಂಗ್ ಪ್ರಿಫರೆನ್ಸಸ್ ತೆರೆಯಿರಿ. ಒಂದು ಮಾತು ನೆನಪಿರಲಿ: ಯೋಜನೆಯ ತಾಣದಲ್ಲೂ ಇವೇ ಸೆಟ್ಟಿಂಗುಗಳು ಇರುತ್ತವೆ. ಮ್ಯಾನೇಜರಿನಲ್ಲಿ ಒಮ್ಮೆ ಬದಲಿಸಿ ಉಳಿಸಿದರೆ ಆ ಯಂತ್ರದ ಮಟ್ಟಿಗೆ ತಾಣದ ಸೆಟ್ಟಿಂಗುಗಳು ಲೆಕ್ಕಕ್ಕಿಲ್ಲ. ತಾಣದಲ್ಲಿ ಎಷ್ಟು ತಿದ್ದಿದರೂ ಏನೂ ಆಗುತ್ತಿಲ್ಲ ಎಂದು ಒದ್ದಾಡುವವರ ತೊಡಕು ಬಹುತೇಕ ಇದೇ.

ಎಷ್ಟು ಕೋರ್ ಕೊಡಬೇಕು? ಯೂಸ್ ಅಟ್ ಮೋಸ್ಟ್ ಎಂಬಲ್ಲಿ ಶೇಕಡಾ 50ರಿಂದ ಶುರುಮಾಡಿ. ಬೋಯಿಂಕ್ ಎಣಿಸುವುದು ಕೋರ್ ಒಂದರೊಳಗಿನ ಕೆಲಸದ ಎಳೆಗಳಾದ ಥ್ರೆಡ್‌ಗಳನ್ನು. ನಾಲ್ಕು ಕೋರ್, ಎಂಟು ಥ್ರೆಡ್ ಇರುವ ಪ್ರೊಸೆಸರಿನಲ್ಲಿ 50 ಎಂದರೆ ಏಕಕಾಲಕ್ಕೆ ನಾಲ್ಕು ಟಾಸ್ಕ್. ಎಂಟನ್ನೂ ಓಡಿಸಿದರೆ ಕೆಲಸ ಎರಡರಷ್ಟು ಆಗುವುದಿಲ್ಲ, ಏಕೆಂದರೆ ಒಂದು ಕೋರಿನ ಎರಡು ಥ್ರೆಡ್‌ಗಳು ಅದೇ ಗಣಕ ಘಟಕಗಳನ್ನು ಹಂಚಿಕೊಳ್ಳುತ್ತವೆ. ರ‍್ಯಾಮ್ ಮಾತ್ರ ಖಂಡಿತ ಎರಡರಷ್ಟು ಬೇಕಾಗುತ್ತದೆ.

ಅದರ ಪಕ್ಕದಲ್ಲೇ ಸಿಪಿಯು ಟೈಮ್ ಎಂಬ ಇನ್ನೊಂದು ಶೇಕಡಾ ಇದೆ. ಅದನ್ನು 100ರಲ್ಲೇ ಬಿಡಿ. ಎರಡೂ ಒಂದೇ ಎಂದು ತೋರಿದರೂ ಕೆಲಸ ಮಾಡುವ ಬಗೆ ಬೇರೆ. ಸಿಪಿಯು ಟೈಮ್ 50 ಎಂದರೆ ಬೋಯಿಂಕ್ ಎಲ್ಲ ಟಾಸ್ಕ್‌ಗಳನ್ನೂ ಸ್ವಲ್ಪ ಹೊತ್ತು ಓಡಿಸಿ, ಸ್ವಲ್ಪ ಹೊತ್ತು ನಿಲ್ಲಿಸಿ, ಮತ್ತೆ ಓಡಿಸುತ್ತದೆ. ಪ್ರೊಸೆಸರಿನ ತಾಪ ಏರಿಳಿಯುತ್ತದೆ, ಫ್ಯಾನ್ ಉಸಿರು ಬಿಡುವಂತೆ ಹೆಚ್ಚು ಕಡಿಮೆ ಸದ್ದು ಮಾಡುತ್ತದೆ. ಬಿಸಿ ಇಳಿಸಬೇಕಿದ್ದರೆ ಕೋರ್ ಸಂಖ್ಯೆ ಇಳಿಸಿ, ಸಮಯವನ್ನಲ್ಲ.

ಕಂಪ್ಯೂಟರ್ ಬಳಕೆಯಲ್ಲಿದ್ದಾಗ ನಿಲ್ಲಿಸಬೇಕೇ? ಟಾಸ್ಕ್‌ಗಳು ಅತಿ ಕಡಿಮೆ ಆದ್ಯತೆಯಲ್ಲಿ ಓಡುವುದರಿಂದ ಬರವಣಿಗೆ, ಜಾಲತಾಣ, ವಿಡಿಯೊ ನೋಡುವುದಕ್ಕೆ ಅರ್ಧದಷ್ಟು ಕೋರ್‌ಗಳ ಹೊರೆ ಅಡ್ಡಿಯಾಗದು. ಗ್ರಾಫಿಕ್ಸ್ ಕಾರ್ಡಿನ ಲೆಕ್ಕ ಹಾಗಲ್ಲ. ಅದು ಪರದೆಯನ್ನೇ ತಡವರಿಸುವಂತೆ ಮಾಡಬಹುದು. ಆದ್ದರಿಂದ ಬಳಕೆಯಲ್ಲಿದ್ದಾಗ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ನಿಲ್ಲಿಸು ಎಂಬುದಕ್ಕೆ ಗುರುತು ಹಾಕಿ, ಪ್ರೊಸೆಸರಿನದನ್ನು ತೆಗೆಯಿರಿ. ಆಟ, ವಿಡಿಯೊ ಎಡಿಟಿಂಗ್‌ನಂತಹ ಭಾರಿ ಪ್ರೋಗ್ರಾಮುಗಳನ್ನು ಎಕ್ಸ್‌ಕ್ಲೂಸಿವ್ ಅಪ್ಲಿಕೇಶನ್ಸ್ ಪಟ್ಟಿಗೆ ಸೇರಿಸಿದರೆ ಅವು ತೆರೆದಿರುವಷ್ಟು ಹೊತ್ತೂ ಬೋಯಿಂಕ್ ತಾನೇ ಸುಮ್ಮನಿರುತ್ತದೆ.

ಬೋಯಿಂಕ್ ಅಲ್ಲದ ಪ್ರೋಗ್ರಾಮುಗಳ ಬಳಕೆ ಶೇಕಡಾ 25 ಮೀರಿದರೆ ನಿಲ್ಲಿಸು ಎಂಬ ಸಾಲೊಂದಿದೆ. ಆಂಟಿವೈರಸ್ ತಪಾಸಣೆ, ವಿಂಡೋಸ್ ಅಪ್‌ಡೇಟ್ ಇಂಥವು ಆ ಮಿತಿಯನ್ನು ಪದೇ ಪದೇ ದಾಟಿ ಲೆಕ್ಕ ನಿಂತು ನಿಂತು ಸಾಗುತ್ತದೆ. 50ಕ್ಕೆ ಏರಿಸಿ, ಇಲ್ಲವೇ ಗುರುತು ತೆಗೆಯಿರಿ.

ಇನ್ನು ದಾಸ್ತಾನು. ಸ್ಟೋರ್ ಅಟ್ ಲೀಸ್ಟ್ 0.1 ದಿನ, ಹೆಚ್ಚುವರಿ 0.5 ದಿನ: ಇಷ್ಟಕ್ಕೇ ಬಿಡಿ. ಹತ್ತು ದಿನದ ಕೆಲಸ ತಂದಿಟ್ಟುಕೊಂಡರೆ ಬರ ಬಂದಾಗ ಆಗುತ್ತದೆ ಎಂದು ತೋರುವುದು ಸಹಜ. ಆದರೆ ಮೊದಲ ವಾರ ಬೋಯಿಂಕಿಗೆ ನಿಮ್ಮ ಯಂತ್ರದ ನಿಜವಾದ ವೇಗ ತಿಳಿದಿರುವುದಿಲ್ಲ. ಎರಡು ಗಂಟೆಯ ಟಾಸ್ಕ್ ಎಂದು ಅಂದಾಜಿಸಿ ತಂದದ್ದು ಆರು ಗಂಟೆ ಹಿಡಿದರೆ ಹತ್ತು ದಿನದ ದಾಸ್ತಾನು ಮೂವತ್ತು ದಿನದ್ದಾಗುತ್ತದೆ. ಗಡುವು ಹದಿನಾಲ್ಕೇ ದಿನ. ಅರ್ಧಕ್ಕಿಂತ ಹೆಚ್ಚು ಟಾಸ್ಕ್‌ಗಳು ಹಾಳು, ಅಷ್ಟೂ ದಿನ ಇನ್ನೊಂದು ಮನೆಯವರ ಉತ್ತರಗಳು ತೂಗುಯ್ಯಾಲೆಯಲ್ಲಿ. ಯಂತ್ರವನ್ನು ದಿನಕ್ಕೆ ಮೂರೋ ನಾಲ್ಕೋ ಗಂಟೆ ಮಾತ್ರ ಹಚ್ಚುವವರಿಗಂತೂ ಸಣ್ಣ ದಾಸ್ತಾನೇ ಸರಿ.

ಚೆಕ್‌ಪಾಯಿಂಟ್ ಎಂದರೆ ಇಲ್ಲಿಯವರೆಗಿನ ಲೆಕ್ಕವನ್ನು ಡಿಸ್ಕಿಗೆ ಬರೆದಿಡುವುದು. ವಿದ್ಯುತ್ ಹೋದರೆ ಕೊನೆಯ ಚೆಕ್‌ಪಾಯಿಂಟಿನಿಂದ ಮುಂದಕ್ಕೆ ಮಾಡಿದ್ದಷ್ಟೇ ನಷ್ಟ. ಮೂಲದಲ್ಲಿ 60 ಸೆಕೆಂಡ್ ಇರುತ್ತದೆ. ಎಸ್‌ಎಸ್‌ಡಿ ಮೇಲೆ ಬರೆಯುವ ಭಾರ ತಗ್ಗಿಸಲು 300 ಸೆಕೆಂಡ್ ಮಾಡಬಹುದು. ಮೆಮೊರಿ ಭಾಗದಲ್ಲಿ, ನಿಲ್ಲಿಸಿದ ಟಾಸ್ಕ್‌ಗಳನ್ನು ಮೆಮೊರಿಯಲ್ಲೇ ಇರಿಸು ಎಂಬುದಕ್ಕೆ 16 ಜಿಬಿ ಅಥವಾ ಹೆಚ್ಚು ರ‍್ಯಾಮ್ ಇದ್ದರೆ ಗುರುತು ಹಾಕಿ. ಇಲ್ಲದಿದ್ದರೆ ಪ್ರತಿ ಸಲ ನಿಂತಾಗಲೂ ಟಾಸ್ಕ್ ಹಿಂದಿನ ಚೆಕ್‌ಪಾಯಿಂಟಿಗೆ ಜಾರುತ್ತದೆ. ಡಿಸ್ಕಿಗೆ 20 ಜಿಬಿ ಮಿತಿ ಹಾಕಿದರೆ ಸಾಕು.

ಕೊನೆಗೆ, ವಿಂಡೋಸ್‌ನ ಪವರ್ ಸೆಟ್ಟಿಂಗಿನಲ್ಲಿ ಪರದೆ ಆರಲಿ, ಯಂತ್ರ ಮಾತ್ರ ನಿದ್ದೆಗೆ ಹೋಗದಿರಲಿ. ನಿದ್ದೆಗೆ ಹೋದ ಯಂತ್ರ ಲೆಕ್ಕ ಮಾಡುವುದಿಲ್ಲ.

ಬಿಸಿ ಮತ್ತು ವಿದ್ಯುತ್ತು

ಇಲ್ಲಿ ಅವಸರ ಬೇಡ. ಬೋಯಿಂಕ್ ಹಾಕುವ ಮುನ್ನವೇ ಯಂತ್ರದ ಒಳಗಿನ ಧೂಳು ತೆಗೆಯಿರಿ. ಪ್ಲಗ್ ಕಿತ್ತು, ಪಕ್ಕದ ಹಲಗೆ ತೆರೆದು, ಹೀಟ್‌ಸಿಂಕಿನ ಎಲೆಗಳ ನಡುವೆ ಒತ್ತಡದ ಗಾಳಿ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ; ಗಾಳಿಯ ಹೊಡೆತಕ್ಕೆ ಅಂಕೆ ಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ.

ತಾಪ ನೋಡಲು ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೊ ಅಥವಾ ಕೋರ್ ಟೆಂಪ್, ಲಿನಕ್ಸ್‌ನಲ್ಲಿ ಎಲ್‌ಎಂ ಸೆನ್ಸರ್ಸ್ ಸಾಕು. ಬೋಯಿಂಕ್ ಓಡತೊಡಗಿ ಅರ್ಧ ಗಂಟೆಯ ನಂತರದ ಅಂಕಿ ನೋಡಿ. ಹೀಟ್‌ಸಿಂಕೂ ಪೆಟ್ಟಿಗೆಯೊಳಗಿನ ಗಾಳಿಯೂ ಕಾದು ನೆಲೆಗೊಳ್ಳಲು ಅಷ್ಟು ಹೊತ್ತು ಬೇಕು. ಮೊದಲ ಐದು ನಿಮಿಷದ ಅಂಕಿ ನಂಬಿದರೆ ಮೋಸ. ಡೆಸ್ಕ್‌ಟಾಪ್ 80 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನಿಶ್ಚಿಂತೆ. 90ರ ಆಸುಪಾಸಿನಲ್ಲೇ ನಿಂತಿದ್ದರೆ ಎರಡು ಥ್ರೆಡ್ ಇಳಿಸಿ ಮತ್ತೆ ಅರ್ಧ ಗಂಟೆ ನೋಡಿ. ಅನೇಕ ಪ್ರೊಸೆಸರುಗಳು 95ರಿಂದ 100 ಡಿಗ್ರಿ ಹತ್ತಿರ ತಾವೇ ವೇಗ ಕುಗ್ಗಿಸಿಕೊಳ್ಳುತ್ತವೆ. ಆಗ ವಿದ್ಯುತ್ತೂ ಖರ್ಚು, ಕೆಲಸವೂ ಕಡಿಮೆ.

ಇನ್ನೊಂದು ಪರಿಣಾಮಕಾರಿ ಉಪಾಯ: ವಿಂಡೋಸ್ ಪವರ್ ಪ್ಲಾನಿನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬುದನ್ನು 100ರಿಂದ 99ಕ್ಕೆ ಇಳಿಸುವುದು. ಇದರಿಂದ ಬಹುತೇಕ ಯಂತ್ರಗಳಲ್ಲಿ ಮಾಮೂಲಿಗಿಂತ ಮೀರಿ ಏರುವ ಟರ್ಬೊ ವೇಗ ನಿಲ್ಲುತ್ತದೆ. ವೇಗ ಸ್ವಲ್ಪ ತಗ್ಗಿದರೂ ತಾಪ, ವಿದ್ಯುತ್ತು ಅದಕ್ಕಿಂತ ಹೆಚ್ಚು ತಗ್ಗುತ್ತವೆ. ಕೊನೆಯ ಆ ಚೂರು ವೇಗಕ್ಕೆ ಪ್ರೊಸೆಸರ್ ವೋಲ್ಟೇಜನ್ನು ಬಹಳ ಏರಿಸಬೇಕಾಗಿರುತ್ತದೆ. ಗ್ರಾಫಿಕ್ಸ್ ಕಾರ್ಡಿಗೂ ಇದೇ ನ್ಯಾಯ. ಆಫ್ಟರ್‌ಬರ್ನರ್‌ನಂತಹ ಸಾಧನದಲ್ಲಿ ಪವರ್ ಲಿಮಿಟನ್ನು ಶೇಕಡಾ 70ಕ್ಕೆ ಇಟ್ಟು ಒಂದು ಟಾಸ್ಕ್ ಎಷ್ಟು ಹೊತ್ತು ಹಿಡಿಯಿತೆಂದು ಹೋಲಿಸಿ ನೋಡಿ. ಓವರ್‌ಕ್ಲಾಕ್ ಮಾಡಿದ್ದರೆ, ಅಂದರೆ ತಯಾರಕರು ನಿಗದಿಪಡಿಸಿದ್ದಕ್ಕಿಂತ ವೇಗ ಏರಿಸಿದ್ದರೆ, ಮೂಲ ವೇಗಕ್ಕೆ ಹಿಂದಿರುಗಿಸಿ. ಆಟದಲ್ಲಿ ಒಂದು ಬಿಂದುವಿನ ಬಣ್ಣ ತಪ್ಪಿದರೆ ಕಣ್ಣಿಗೂ ಬೀಳದು. ಇಲ್ಲಿ ಒಂದು ಬಿಟ್ ತಪ್ಪಿದರೆ ಹತ್ತು ಗಂಟೆಯ ಲೆಕ್ಕ ಇನ್ವ್ಯಾಲಿಡ್.

ಖರ್ಚನ್ನು ಊಹಿಸಬೇಡಿ, ಅಳೆಯಿರಿ. ಗೋಡೆಯ ಸಾಕೆಟಿಗೆ ಹಾಕುವ ವ್ಯಾಟ್ ಮೀಟರಿನಲ್ಲಿ ಬೋಯಿಂಕ್ ನಿಲ್ಲಿಸಿದಾಗ ಒಮ್ಮೆ, ಓಡುವಾಗ ಒಮ್ಮೆ ನೋಡಿ. ವ್ಯತ್ಯಾಸ 60 ವ್ಯಾಟ್ ಎಂದಿಟ್ಟುಕೊಳ್ಳಿ. ದಿನಕ್ಕೆ 8 ಗಂಟೆಯಂತೆ 30 ದಿನಕ್ಕೆ 14.4 ಯೂನಿಟ್, ಹಗಲೂ ರಾತ್ರಿ ಓಡಿಸಿದರೆ 43.2 ಯೂನಿಟ್. ಆದರೆ ಇಲ್ಲವಾದರೆ ಆರಿಸಿಡುತ್ತಿದ್ದ ಯಂತ್ರವನ್ನು ಬೋಯಿಂಕಿಗಾಗಿಯೇ ಹಚ್ಚಿಡುವುದಾದರೆ ವ್ಯತ್ಯಾಸವನ್ನಲ್ಲ, ಪೂರ್ತಿ ವ್ಯಾಟನ್ನೇ ಲೆಕ್ಕ ಹಿಡಿಯಬೇಕು. ಮನೆಯವರ ಒಪ್ಪಿಗೆ ಕೇಳುವಾಗ ಈ ಅಂಕಿ ಕೈಯಲ್ಲಿರಲಿ.

ಹತ್ತು ವರ್ಷ ಹಳೆಯ ಯಂತ್ರವನ್ನು ಅಟ್ಟದಿಂದ ಇಳಿಸಿ ಇದಕ್ಕೆಂದೇ ಓಡಿಸುವುದು ಸಾಮಾನ್ಯವಾಗಿ ಲಾಭವಲ್ಲ. ಹೊಸ ಪ್ರೊಸೆಸರ್ ಅದೇ ಲೆಕ್ಕವನ್ನು ಅದರ ಒಂದು ಪಾಲು ವಿದ್ಯುತ್ತಿನಲ್ಲಿ ಮುಗಿಸುತ್ತದೆ.

ಮೊದಲ ವಾರ ಏನು ನೋಡಬೇಕು

ಟಾಸ್ಕ್ಸ್ ಪುಟದಲ್ಲಿ ಉಳಿದ ಸಮಯ ಎಂದು ತೋರಿಸುವ ಅಂಕಿಯನ್ನು ಮೊದಲ ಹತ್ತಿಪ್ಪತ್ತು ಟಾಸ್ಕ್ ಮುಗಿಯುವವರೆಗೆ ನಂಬಬೇಡಿ. ಶೇಕಡಾವಾರು ಪ್ರಗತಿ ಏರುತ್ತಿದೆಯೇ ಎಂಬುದಷ್ಟೇ ಮುಖ್ಯ. ಒಂದು ಟಾಸ್ಕನ್ನು ಆರಿಸಿ ಪ್ರಾಪರ್ಟೀಸ್ ಒತ್ತಿದರೆ ಸಿಪಿಯು ಟೈಮ್ ಮತ್ತು ಎಲಾಪ್ಸ್ಡ್ ಟೈಮ್ ಎರಡೂ ಕಾಣುತ್ತವೆ. ಪ್ರೊಸೆಸರ್ ಟಾಸ್ಕ್‌ನಲ್ಲಿ ಇವೆರಡೂ ಹತ್ತಿರ ಹತ್ತಿರ ಇರಬೇಕು. ಹತ್ತು ಗಂಟೆ ಕಳೆದು ಸಿಪಿಯು ಟೈಮ್ ಆರೇ ಗಂಟೆ ಆಗಿದ್ದರೆ ಟಾಸ್ಕ್‌ಗೆ ಕೋರ್ ಸರಿಯಾಗಿ ಸಿಗುತ್ತಿಲ್ಲ ಎಂದರ್ಥ. ಇನ್ನೊಂದು ಥ್ರೆಡ್ ಬಿಡುವು ಮಾಡಿ.

ಮುಗಿದ ಟಾಸ್ಕ್ ರೆಡಿ ಟು ರಿಪೋರ್ಟ್ ಎಂದು ಸ್ವಲ್ಪ ಹೊತ್ತು ಕೂತರೆ ಗಾಬರಿ ಬೇಡ. ಸರ್ವರಿನ ಮೇಲಿನ ಹೊರೆ ತಗ್ಗಿಸಲು ಬೋಯಿಂಕ್ ಹಲವನ್ನು ಒಟ್ಟಿಗೆ ವರದಿ ಮಾಡುತ್ತದೆ. ಆಮೇಲೆ ಯೋಜನೆಯ ತಾಣದಲ್ಲಿ ನಿಮ್ಮ ಖಾತೆಯ ಟಾಸ್ಕ್ ಪಟ್ಟಿ ನೋಡಿ. ಪೆಂಡಿಂಗ್ ಎಂದರೆ ಜೋಡಿ ಯಂತ್ರದ ಉತ್ತರ ಬಂದಿಲ್ಲ. ವ್ಯಾಲಿಡ್ ಎಂದರೆ ಕೆಲಸ ಕೈಗೂಡಿತು. ವಾರದ ಕೊನೆಗೆ ಎರರ್ ಮತ್ತು ಇನ್ವ್ಯಾಲಿಡ್ ಎರಡೂ ಸೊನ್ನೆಯಿದ್ದರೆ ಕೋರ್‌ಗಳನ್ನು 50ರಿಂದ 75ಕ್ಕೆ ಏರಿಸಬಹುದು, ಇಲ್ಲವೇ ಎರಡನೆಯ ಯೋಜನೆ ಸೇರಿಸಬಹುದು. ಎರಡರ ನಡುವಿನ ಹಂಚಿಕೆ ರಿಸೋರ್ಸ್ ಶೇರ್ ಅಂಕಿಯಿಂದ: ಒಂದಕ್ಕೆ 100, ಇನ್ನೊಂದಕ್ಕೆ 300 ಕೊಟ್ಟರೆ ಕಾಲು ಪಾಲು, ಮುಕ್ಕಾಲು ಪಾಲು. ದಿನದ ಲೆಕ್ಕದಲ್ಲಿ ಇದು ಹೊಂದದಿದ್ದರೂ ವಾರಗಳಲ್ಲಿ ಸರಿದೂಗುತ್ತದೆ. 0 ಕೊಟ್ಟರೆ ಮುಖ್ಯ ಯೋಜನೆಯಲ್ಲಿ ಕೆಲಸವಿಲ್ಲದಾಗ ಮಾತ್ರ ಬಳಸುವ ಮೀಸಲು ಯೋಜನೆ ಆಗುತ್ತದೆ. ಬಹಳ ಉಪಯುಕ್ತ ಏರ್ಪಾಡು.

ತೊಡಕುಗಳು

ಏನೇ ಆದರೂ ಮೊದಲು ಟೂಲ್ಸ್ ಮೆನುವಿನ ಇವೆಂಟ್ ಲಾಗ್ ತೆರೆಯಿರಿ. ಬಹುತೇಕ ಉತ್ತರಗಳು ಅಲ್ಲಿಯೇ ಇರುತ್ತವೆ.

ಕೆಲಸವೇ ಬರುತ್ತಿಲ್ಲ. ಲಾಗ್‌ನಲ್ಲಿ ಜಾಬ್ ಕ್ಯಾಶ್ ಫುಲ್ ಎಂದಿದ್ದರೆ ದಾಸ್ತಾನು ತುಂಬಿದೆ, ಎಲ್ಲ ಸರಿ. ನೋ ಟಾಸ್ಕ್ಸ್ ಅವೈಲಬಲ್ ಎಂದಿದ್ದರೆ ಯೋಜನೆಯ ಬಳಿಯೇ ಇಲ್ಲ. ಅಪ್‌ಡೇಟ್ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದರಿಂದ ಉಪಯೋಗವಿಲ್ಲ. ಬೋಯಿಂಕ್ ತಾನೇ ಅಂತರ ಹೆಚ್ಚಿಸುತ್ತಾ ಕೇಳುತ್ತಿರುತ್ತದೆ. ನಾಲ್ಕನೆಯ ಹೆಜ್ಜೆಯಲ್ಲಿ ಒತ್ತಿದ ತಡೆಯನ್ನು ತೆಗೆಯಲು ಮರೆತಿರುವುದೂ ಸಾಮಾನ್ಯ.

ವೇಟಿಂಗ್ ಫಾರ್ ಮೆಮೊರಿ ಎಂದು ಟಾಸ್ಕ್ ನಿಂತಿದೆ. ಬಳಕೆಯಲ್ಲಿದ್ದಾಗ ಬೋಯಿಂಕ್ ಅರ್ಧ ರ‍್ಯಾಮ್ ಮಾತ್ರ ಮುಟ್ಟುತ್ತದೆ. 8 ಜಿಬಿ ಯಂತ್ರದಲ್ಲಿ ಅದು 4 ಜಿಬಿ. ದೊಡ್ಡ ಟಾಸ್ಕ್ ನಾಲ್ಕು ಸೇರಿದರೆ ಮುಗಿಯಿತು. ಮಿತಿ ಏರಿಸುವುದಕ್ಕಿಂತ ಟಾಸ್ಕ್ ಸಂಖ್ಯೆ ಇಳಿಸಿ.

ಕಂಪ್ಯೂಟೇಶನ್ ಎರರ್. ಒಂದೆರಡು ಬಂದರೆ ಬಿಡಿ, ಯೋಜನೆಯವರ ತುಂಡಿನಲ್ಲೇ ದೋಷ ಇರಬಹುದು. ತಾಣದಲ್ಲಿ ಅದೇ ತುಂಡು ಇತರರಿಗೂ ಕೆಟ್ಟಿದೆಯೇ ಎಂದು ನೋಡಬಹುದು. ನಿಮಗೆ ಮಾತ್ರ, ಸಾಲುಸಾಲಾಗಿ ಕೆಡುತ್ತಿದ್ದರೆ ತಾಪ, ಓವರ್‌ಕ್ಲಾಕ್, ರ‍್ಯಾಮ್ ಈ ಕ್ರಮದಲ್ಲಿ ಪರೀಕ್ಷಿಸಿ. ರ‍್ಯಾಮಿಗೆ ಮೆಮ್‌ಟೆಸ್ಟ್86 ಅನ್ನು ಒಂದು ರಾತ್ರಿ ಓಡಿಸಿ. ಒಂದೇ ಒಂದು ದೋಷ ಕಂಡರೂ ಆ ಕಡ್ಡಿ ಬದಲಿಸಬೇಕು. ಶುರುವಾದ ಕ್ಷಣದಲ್ಲೇ ಟಾಸ್ಕ್ ಸಾಯುತ್ತಿದ್ದರೆ ಆಂಟಿವೈರಸ್ ಯೋಜನೆಯ ಫೈಲನ್ನು ಎತ್ತಿಕೊಂಡು ಹೋಗಿರಬಹುದು. ಬೋಯಿಂಕಿನ ದತ್ತಾಂಶ ಫೋಲ್ಡರಿಗೆ ವಿನಾಯಿತಿ ಕೊಡಿ. ವಿಂಡೋಸ್‌ನಲ್ಲಿ ಅದು ಸಿ ಡ್ರೈವಿನ ಪ್ರೋಗ್ರಾಮ್‌ಡೇಟಾ ಎಂಬ ಅಡಗಿದ ಫೋಲ್ಡರಿನೊಳಗಿರುತ್ತದೆ.

ಗ್ರಾಫಿಕ್ಸ್ ಕಾರ್ಡ್ ಕಾಣುತ್ತಿಲ್ಲ. ಲಾಗ್‌ನ ಆರಂಭದ ಸಾಲುಗಳಲ್ಲಿ ನೋ ಯೂಸಬಲ್ ಜಿಪಿಯೂಸ್ ಎಂದಿದ್ದರೆ ಡ್ರೈವರನ್ನು ತಯಾರಕರ ತಾಣದಿಂದಲೇ ತಂದು ಹಾಕಿ. ವಿಂಡೋಸ್ ತಾನಾಗಿ ಹಾಕುವ ಡ್ರೈವರಿನಲ್ಲಿ ಪರದೆ ತೋರಿಸಲು ಬೇಕಾದದ್ದು ಇದ್ದರೂ ಲೆಕ್ಕಕ್ಕೆ ಬೇಕಾದ ಓಪನ್‌ಸಿಎಲ್ ಇಲ್ಲದಿರಬಹುದು. ಕಾರ್ಡ್ ಓಡತೊಡಗಿದ ಮೇಲೆ ಅದಕ್ಕೆ ಕೆಲಸ ಉಣಿಸಲು ಒಂದು ಪ್ರೊಸೆಸರ್ ಥ್ರೆಡ್ ಬಿಡುವಾಗಿರಲಿ. ಇಲ್ಲದಿದ್ದರೆ ದುಬಾರಿ ಕಾರ್ಡ್ ಪ್ರೊಸೆಸರಿಗಾಗಿ ಕಾಯುತ್ತಾ ಕೂರುತ್ತದೆ.

ವರ್ಚುವಲ್‌ಬಾಕ್ಸ್ ಟಾಸ್ಕ್ ಏಳುವುದಿಲ್ಲ. ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ವರ್ಚುವಲೈಸೇಶನ್ ಮುಚ್ಚಿರುತ್ತದೆ. ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ ಎಂಬ ಹೆಸರಿನಲ್ಲಿ ಹುಡುಕಿ ತೆರೆಯಿರಿ.

ಟಾಸ್ಕ್ ಶೇಕಡಾ 99ರ ಮೇಲೆ ಗಂಟೆಗಟ್ಟಲೆ ನಿಂತಿದೆ. ಸಿಪಿಯು ಟೈಮ್ ಏರುತ್ತಿದ್ದರೆ ಕಾಯಿರಿ. ಏರುತ್ತಿಲ್ಲವಾದರೆ ಬೋಯಿಂಕನ್ನು ಒಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ. ಅಬಾರ್ಟ್ ಕೊನೆಯ ದಾರಿ. ಹಾಗೆ ಮಾಡಿದರೆ ಆ ತುಂಡು ಕೂಡಲೇ ಬೇರೊಬ್ಬರಿಗೆ ಹೋಗುತ್ತದೆ ಎಂಬುದಷ್ಟೇ ಸಮಾಧಾನ. ಗಡುವಿಗೆ ಖಂಡಿತ ಆಗದು ಎಂದು ತಿಳಿದ ಟಾಸ್ಕನ್ನು ಇಟ್ಟುಕೊಂಡು ಕೂರುವುದಕ್ಕಿಂತ ಅಬಾರ್ಟ್ ಮಾಡುವುದೇ ಜೋಡಿಯವರಿಗೆ ಒಳಿತು. ರೀಸೆಟ್ ಪ್ರಾಜೆಕ್ಟ್ ಗುಂಡಿಯನ್ನು ಸುಮ್ಮನೆ ಒತ್ತಬೇಡಿ, ಅದು ಆ ಯೋಜನೆಯ ಎಲ್ಲ ಟಾಸ್ಕ್‌ಗಳನ್ನೂ ಎಸೆದುಬಿಡುತ್ತದೆ.

ಬೋಯಿಂಕಿನ ಹೊರಗೆ

ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದು ಪ್ರೋಟೀನ್‌ಗಳ ಚಲನೆಯ ಅಧ್ಯಯನದಲ್ಲಿ ಆಸಕ್ತಿಯಿದ್ದರೆ ಫೋಲ್ಡಿಂಗ್ ಅಟ್ ಹೋಮ್ ನೋಡಿ. 2000ದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ್ದು, ಬೋಯಿಂಕನ್ನು ಬಳಸುವುದಿಲ್ಲ, ತನ್ನದೇ ಕ್ಲೈಂಟ್ ಇದೆ. 2020ರ ವಸಂತದಲ್ಲಿ ಕೋವಿಡ್ ಸಂಶೋಧನೆಗೆ ಜನ ಮುಗಿಬಿದ್ದು ಸೇರಿದಾಗ ಇದರ ಒಟ್ಟು ಸಾಮರ್ಥ್ಯ ಎಕ್ಸಾಫ್ಲಾಪ್, ಅಂದರೆ ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಯಷ್ಟು ಲೆಕ್ಕ, ದಾಟಿತು. ಇಲ್ಲಿ ಒಂದು ತುಂಡಿನ ಫಲಿತಾಂಶದಿಂದಲೇ ಮುಂದಿನ ತುಂಡು ಹುಟ್ಟುತ್ತದೆ, ಹಾಗಾಗಿ ಬೇಗ ಮರಳಿಸಿದವರಿಗೆ ಹೆಚ್ಚುವರಿ ಅಂಕ. ಅದಕ್ಕೆ ಪಾಸ್‌ಕೀ ಎಂಬ ಗುರುತಿನ ಸಂಕೇತ ಪಡೆದು, ಅದರ ಮೇಲೆ 10 ತುಂಡು ಯಶಸ್ವಿಯಾಗಿ ಮುಗಿಸಿ, ಶೇಕಡಾ 80ರಷ್ಟನ್ನು ಪೂರೈಸುತ್ತಿರಬೇಕು. ಯಂತ್ರ ಆರಿಸುವ ಮುನ್ನ ಪಾಜ್ ಅಲ್ಲ, ಫಿನಿಶ್ ಒತ್ತಿ. ಕೈಯಲ್ಲಿರುವುದನ್ನು ಮುಗಿಸಿ ತಾನೇ ನಿಲ್ಲುತ್ತದೆ. ಬೋಯಿಂಕ್ ಮತ್ತು ಇದು ಒಂದೇ ಕಾರ್ಡಿನ ಮೇಲೆ ಜೊತೆಯಾಗಿ ಓಡಿದರೆ ಎರಡೂ ಕುಂಟುತ್ತವೆ. ಬೋಯಿಂಕಿನಲ್ಲಿ ಜಿಪಿಯು ನಿಲ್ಲಿಸಿ.

ಗಣಿತಪ್ರಿಯರಿಗೆ 1996ರಿಂದ ನಡೆಯುತ್ತಿರುವ ಜಿಂಪ್ಸ್ ಇದೆ, ಮರ್ಸೆನ್ ಅವಿಭಾಜ್ಯಗಳ (2ರ ಘಾತದಿಂದ 1 ಕಳೆದು ಸಿಗುವ ಅವಿಭಾಜ್ಯಗಳ) ಶೋಧ. 2024ರ ಅಕ್ಟೋಬರಿನಲ್ಲಿ ಅಲ್ಲಿ ಸಿಕ್ಕ ಸಂಖ್ಯೆಗೆ 4,10,24,320 ಅಂಕಿಗಳು. ಒಂದು ಪರೀಕ್ಷೆ ದಿನಗಟ್ಟಲೆ ಹಿಡಿಯುವುದು ಸಾಮಾನ್ಯ, ಪ್ರೊಸೆಸರ್ ಪೂರ್ತಿ ಬಿಸಿಯಾಗುತ್ತದೆ. ತಂಪಿನ ಏರ್ಪಾಡು ಗಟ್ಟಿಯಿದ್ದರೆ ಮಾತ್ರ ಕೈಹಾಕಿ.

ನಿಲ್ಲಿಸುವಾಗ, ಯಂತ್ರ ಬದಲಿಸುವಾಗ

ಸ್ವಲ್ಪ ಹೊತ್ತಿಗೆ ಬೇಡವೆಂದರೆ ಗಡಿಯಾರದ ಪಕ್ಕದ ಬೋಯಿಂಕ್ ಚಿಹ್ನೆಯ ಮೇಲೆ ಬಲ ಕ್ಲಿಕ್ ಮಾಡಿ ಸ್ನೂಜ್ ಒತ್ತಿ. ಒಂದು ಗಂಟೆಯ ನಂತರ ತಾನೇ ಏಳುತ್ತದೆ. ಊರಿಗೆ ಹೋಗುವ ಮುನ್ನ, ಯಂತ್ರ ಮಾರುವ ಮುನ್ನ, ಅಥವಾ ಈ ಕೆಲಸವೇ ಸಾಕೆನಿಸಿದಾಗ ಎರಡು ದಿನ ಮೊದಲೇ ನೋ ನ್ಯೂ ಟಾಸ್ಕ್ಸ್ ಒತ್ತಿ. ಇರುವ ಟಾಸ್ಕ್‌ಗಳು ಮುಗಿದು ವರದಿಯಾದ ಮೇಲೆ ರಿಮೂವ್ ಒತ್ತಿ ಯೋಜನೆ ತೆಗೆಯಿರಿ, ಆನಂತರ ತಂತ್ರಾಂಶ ಅಳಿಸಿ. ಅಳಿಸಿದರೂ ದತ್ತಾಂಶದ ಫೋಲ್ಡರ್ ಉಳಿದಿರುತ್ತದೆ, ಅದನ್ನು ಕೈಯಾರೆ ತೆಗೆಯಬೇಕು. ಹೊಸ ಯಂತ್ರಕ್ಕೆ ಹಳೆಯ ಫೋಲ್ಡರನ್ನು ನಕಲು ಮಾಡಿ ಎರಡನ್ನೂ ಓಡಿಸಬೇಡಿ. ಎರಡು ಯಂತ್ರಗಳಿಗೆ ಒಂದೇ ಗುರುತು ಆಗಿ ಸರ್ವರ್ ಗೊಂದಲಕ್ಕೆ ಬೀಳುತ್ತದೆ. ಹೊಸದಾಗಿ ಹಾಕಿ, ಅದೇ ಇಮೇಲ್, ಅದೇ ಪಾಸ್‌ವರ್ಡ್ ಕೊಡಿ. ಹಳೆಯ ಕ್ರೆಡಿಟ್ ಖಾತೆಯಲ್ಲೇ ಇರುತ್ತದೆ.